ಒನ್ಸ್ ಮೋರ್

ನಾನು ಸತ್ತಾಗ ಜನ ಶಿಳ್ಳೆ ಹೊಡೆದರು.

ಸುಳ್ಳು ಹೇಳುತ್ತಿಲ್ಲ. ಗಜೇಂದ್ರಗಡದಲ್ಲಿ ನಮ್ಮ ನಾಟಕ ಕಂಪನಿಯ ಕ್ಯಾಂಪು, ಭಾನುವಾರ ಮಧ್ಯಾಹ್ನದ ಆಟ, ‘ಹಠಮಾರಿ ಹಂಪವ್ವ’ ನಾಟಕದ ಕೊನೆಯ ದೃಶ್ಯ. ದೇಸಾಯಿ ಚೂರಿ ಹಾಕುತ್ತಾನೆ. ಹಂಪವ್ವ ಎದೆ ಹಿಡಿದುಕೊಂಡು ಒಂದೂವರೆ ಪುಟದಷ್ಟು ಮಾತಾಡಿ ಸಾಯುತ್ತಾಳೆ. ಮೂವತ್ತೆಂಟು ವರ್ಷದಿಂದ ಆ ಹಂಪವ್ವ ನಾನೇ. ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತದೆ, ಸಾಯುವ ದೃಶ್ಯ ಕಳೆಗಟ್ಟಿದರೆ ನಮ್ಮ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಕೂಗಿದರೆ ಸತ್ತವಳು ಎದ್ದು, ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೈ ಮುಗಿದು, ಮೊದಲಿನಿಂದ ಮತ್ತೆ ಸಾಯಬೇಕು. ಒಂದೇ ಆಟದಲ್ಲಿ ಮೂರು ಸಲ ಸತ್ತವಳು ನಾನು. ಆ ಭಾನುವಾರ ಅರ್ಧ ಪುಟ ದಾಟುವಷ್ಟರಲ್ಲಿ ಎದೆ ನಿಜವಾಗಿಯೂ ನಿಂತಿತು. ಮಾತನ್ನು ನಡುವೆಯೇ ಬಿಟ್ಟು ಬಿದ್ದೆ. ಅಬ್ಬಾ, ಅದೆಂಥ ಆ್ಯಕ್ಟಿಂಗು ಎಂದು ಜನ ಹುಚ್ಚೆದ್ದು ಹೋದರಂತೆ. ಮೂರು ನಿಮಿಷ ಒನ್ಸ್ ಮೋರ್ ಕೂಗಿದರಂತೆ. ನಾನು ಏಳಲಿಲ್ಲ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಧಾರವಾಡದ ಮರುಜೀವ ಕೇಂದ್ರದಲ್ಲಿ ಕಣ್ಣು ಬಿಟ್ಟಾಗ ನನಗೆ ನನ್ನ ಹೆಸರೂ ಗೊತ್ತಿರಲಿಲ್ಲ.

ಆ ಕೇಂದ್ರದ ಕೆಲಸ ಹೀಗೆ: ಎದೆ ನಿಂತು ಏಳು ತಾಸಿನೊಳಗೆ ತಂದರೆ ದೇಹವನ್ನು ಮಂಜುಗಡ್ಡೆಯಷ್ಟು ತಣ್ಣಗೆ ಮಾಡುತ್ತಾರೆ. ರಕ್ತ ಹೊರಗೆ ತೆಗೆದು ಬೇರೊಂದು ದ್ರವ ಹರಿಸುತ್ತಾರೆ. ಅದು ನರನಾಡಿಯೊಳಗೆಲ್ಲ ಓಡಾಡಿ ಕೆಟ್ಟದ್ದನ್ನು ರಿಪೇರಿ ಮಾಡುತ್ತದೆ. ಆಮೇಲೆ ರಕ್ತ ತುಂಬಿ ಎದೆಗೆ ಒಂದು ಏಟು ಕೊಡುತ್ತಾರೆ. ದೇಹ ಏಳುತ್ತದೆ. ತೊಂದರೆ ಇರುವುದು ನೆನಪಿನದು. ನೆನಪೇನೂ ಸತ್ತಿರುವುದಿಲ್ಲ, ಅದಕ್ಕೆ ಹೋಗುವ ದಾರಿಗಳು ತೊಳೆದು ಹೋಗಿರುತ್ತವೆ. ಅದಕ್ಕಾಗಿ ಮನೆಯವರಿಂದ ಒಂದು ‘ಹಿನ್ನೆಲೆ ಕಡತ’ ಬರೆಸುತ್ತಾರೆ. ಹೆಸರೇನು, ಕೆಲಸವೇನು, ಯಾರ ಮೇಲೆ ಪ್ರೀತಿ, ಯಾವುದಕ್ಕೆ ಹೆದರಿಕೆ ಎಂದು ನಾನೂರು ಪ್ರಶ್ನೆ. ಉತ್ತರಗಳನ್ನೆಲ್ಲ ಹತ್ತಿರದ ಒಬ್ಬರ ಧ್ವನಿಯಲ್ಲಿ ರೆಕಾರ್ಡು ಮಾಡಿ, ಸತ್ತು ಎದ್ದವರ ಎಡಗಿವಿಯ ಹಿಂದೆ ಒಂದು ಮಣಿ ಕೂರಿಸುತ್ತಾರೆ. ಮಣಿ ಹಗಲೆಲ್ಲ ಪಿಸುಗುಡುತ್ತದೆ, ಜೊತೆಗೆ ಮಿದುಳಿಗೆ ಸಣ್ಣಗೆ ವಿದ್ಯುತ್ತು ಕೊಟ್ಟು ದಾರಿ ಕಡಿಯುತ್ತದೆ. ನಲವತ್ತೊಂದನೆಯ ದಿನ ಪರೀಕ್ಷೆ. ನಲವತ್ತು ಪ್ರಶ್ನೆಗೆ ಕಡತದ ಪ್ರಕಾರವೇ ಉತ್ತರ ಕೊಟ್ಟರೆ ಸರಕಾರ ನಿಮ್ಮನ್ನು ಬದುಕಿದವರ ಪಟ್ಟಿಗೆ ಸೇರಿಸುತ್ತದೆ. ಕೊಡದಿದ್ದರೆ ನೀವು ‘ಅಪೂರ್ಣ’. ಅಪೂರ್ಣರಿಗೆ ಮತವಿಲ್ಲ, ಸ್ವಂತ ಸಹಿಯಿಲ್ಲ, ಸಾಯುವ ತನಕ ಒಬ್ಬ ಪೋಷಕರ ಕೈಕೆಳಗೆ ಇರಬೇಕು.

ನನ್ನ ಕಡತ ಬರೆದವಳು ನನ್ನ ಒಬ್ಬಳೇ ಮಗಳು ನೀಲಾಂಬಿಕಾ. ಮಣಿಯಲ್ಲಿದ್ದ ಧ್ವನಿಯೂ ಅವಳದೇ.

ಆ ಕಡತದ ಪ್ರಕಾರ ನಾನು ತಾರಮ್ಮ. ಐವತ್ತೊಂಬತ್ತು ವರ್ಷ. ವಿಧವೆ. ಊರು ಕೆರೂರು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದವಳು. ಶಾಂತ ಸ್ವಭಾವ, ಮೆಲುಮಾತು, ಜಗಳ ಎಂದರೆ ಅಂಜಿಕೆ. ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಸತ್ತದ್ದು.

ಒಂಬತ್ತನೆಯ ದಿನದವರೆಗೂ ನಾನು ಅದನ್ನೆಲ್ಲ ನಂಬಿದ್ದೆ. ನಂಬದೆ ಏನು ಮಾಡಲಿ? ಬೇರೆ ತಾರಮ್ಮ ಯಾರೂ ನನ್ನ ಹತ್ತಿರ ಇರಲಿಲ್ಲ.

*

ಒಂಬತ್ತನೆಯ ದಿನ ಬೆಳಿಗ್ಗೆ ಡಾಕ್ಟರ್ ಅನಘಾ ಹುಯಿಲಗೋಳ ನನ್ನ ಎದುರು ಕುಳಿತರು. ತೆಳ್ಳಗಿನ ಹೆಣ್ಣುಮಗಳು, ನನ್ನ ನೀಲಾಳ ವಯಸ್ಸು. ತಲೆಗೆ ಹತ್ತಾರು ವೈರು ಅಂಟಿಸಿ, ಪಕ್ಕದ ಮಾನಿಟರಿನಲ್ಲಿ ನನ್ನ ಮಿದುಳಿನ ಗೆರೆ ನೋಡುತ್ತ ದಿನಾ ಕೇಳುವ ಪ್ರಶ್ನೆಗಳನ್ನೇ ಕೇಳುತ್ತಿದ್ದರು.

“ತಾರಮ್ಮಾರ, ನೀವು ಏನ್ ಕೆಲಸಾ ಮಾಡ್ತಿದ್ರಿ?”

ಕಿವಿಯ ಹಿಂದೆ ನೀಲಾಳ ಧ್ವನಿ ಶುರುವಾಯಿತು: “ಹೆಣ್ಣು…”

ಅದು ‘ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆ’ ಎಂಬ ಮಾತು. ಪೂರ್ತಿ ಬರುವ ತನಕ ನಾನು ಕಾಯಲಿಲ್ಲ. ನನ್ನೊಳಗಿನ ಯಾರೋ ಒಬ್ಬಳು ಕಾಯಲಿಲ್ಲ ಎನ್ನಬೇಕು. ಧಡಕ್ಕನೆ ಎದ್ದು ನಿಂತೆ. ವೈರುಗಳು ಕಿತ್ತು ಬಂದವು.

“ಹೆಣ್ಣು ಅಂದರೆ ಹೊಸ್ತಿಲ ಒಳಗಿನ ಹಣತೆ ಅಂದುಕೊಂಡೆಯಾ ದೇಸಾಯಿ? ಹಣತೆಯ ಬೆಂಕಿಗೂ ಹೊಸ್ತಿಲು ದಾಟೋ ದಾರಿ ಗೊತ್ತು! ಹಾಕು ಬೀಗ, ಎಷ್ಟು ಹಾಕ್ತೀಯೋ ಹಾಕು! ಬೀಗ ನಿನ್ನ ಮನೆಯದು, ಬಾಯಿ ನನ್ನದು!”

ನರ್ಸಮ್ಮನ ಕೈಯಿಂದ ಟ್ರೇ ಬಿತ್ತು. ಪಕ್ಕದ ವಾರ್ಡಿನಿಂದ ಯಾರೋ ಓಡಿ ಬಂದರು. ಶಾಂತ ಸ್ವಭಾವದ ತಾರಮ್ಮನ ಬಾಯಿಯಿಂದ ಬಂದ ಧ್ವನಿಗೆ ಕಿಟಕಿಯ ಗಾಜು ಝುಂ ಅಂದಿತ್ತು. ನನಗೆ ಹೆದರಿಕೆಯಾಗಲಿಲ್ಲ. ಎಷ್ಟೋ ದಿನ ಮುದುಡಿ ಕುಳಿತವಳು ಮೈಮುರಿದು ಎದ್ದ ಹಾಗಿತ್ತು. ಇಷ್ಟು ಖುಷಿ ಎದ್ದಂದಿನಿಂದ ಆಗಿರಲಿಲ್ಲ.

“ಯಾರ ಮಾತ್ರಿ ಇದು?” ಅಂದೆ.

ಡಾಕ್ಟರು ಕಡತದ ಪುಟ ತಿರುವಿದರು, ಮತ್ತೆ ತಿರುವಿದರು. “ಇದರಾಗ ಇಲ್ಲ.”

“ಹಂಗಾರ ನನ್ನ ಬಾಯಾಗ ಹೆಂಗ ಬಂತು?”

“ಕಡತದಾಗ ಇಲ್ಲದ್ದು ಹೇಳ್ಲಿಕ್ಕೆ ನನಗ ಅಧಿಕಾರ ಇಲ್ಲರಿ ತಾರಮ್ಮಾರ. ನನಗ ಗೊತ್ತೂ ಇಲ್ಲ. ಮಷೀನ್ ಏನ್ ತೋರಿಸ್ತು ಅಷ್ಟು ಹೇಳಬಹುದು.” ಅವರು ಮಾನಿಟರನ್ನು ನನ್ನ ಕಡೆ ತಿರುಗಿಸಿದರು. “ಇಲ್ಲಿ ನೋಡ್ರಿ. ಮಣಿ ಮಾತಾಡುವಾಗ ಬರೇ ಒಂದು ಗೆರಿ ಏಳ್ತದ. ಮಣಿ ನಿಂತ್ರ ಅದೂ ಮಲಗ್ತದ. ಈಗ ಮಣಿ ಒಂದs ಶಬ್ದ ಅಂದದ, ಇಡೀ ಮಿದುಳು ದೀಪಾವಳಿ ಆಗೇದ. ಎಂಟು ವರ್ಷದಾಗ ನಾ ಹಿಂಗ ನೋಡಿಲ್ಲ.”

ಈಗ ನಿಮಗೆ ಹೇಳಿಬಿಡುತ್ತೇನೆ. ನಮ್ಮ ಕಂಪನಿಯಲ್ಲಿ ಎಡಗಡೆಯ ಪರದೆಯ ಮರೆಯಲ್ಲಿ ಪ್ರಾಂಪ್ಟರು ನಿಂತಿರುತ್ತಾರೆ. ನಟರು ಮಾತು ಮರೆತರೆ ಅವರು ಪೂರ್ತಿ ಸಾಲು ಹೇಳಿಕೊಡುವುದಿಲ್ಲ. ಮೊದಲ ಪದ ಕೊಡುತ್ತಾರೆ, ಅಷ್ಟೇ. ಉಳಿದದ್ದನ್ನು ನಟಿ ಎಸೆಯಬೇಕು, ಕೊನೆಯ ಸಾಲಿನ ಪ್ರೇಕ್ಷಕನ ಎದೆಗೆ ಹೋಗಿ ಬೀಳುವ ಹಾಗೆ ಎಸೆಯಬೇಕು. ಮೊದಲ ಪದಕ್ಕೆ ಕಾದು, ಉಳಿದದ್ದಕ್ಕೆ ಕಾಯದೆ ಇರುವುದು ನಮಗೆ ಉಸಿರಾಟದಷ್ಟು ಅಭ್ಯಾಸ. ಕೇಂದ್ರದ ಜಾಣರು ನನ್ನಂಥವಳ ಎಡಗಿವಿಗೆ ಪಿಸುಮಾತಿನ ಯಂತ್ರ ಕಟ್ಟಿದ್ದರು. ಬೇರೆ ಯಾರ ಕಿವಿಗೆ ಕಟ್ಟಿದ್ದರೂ ಅದು ಕೆಲಸ ಮಾಡುತ್ತಿತ್ತು.

*

ಇಪ್ಪತ್ತೊಂದನೆಯ ದಿನ ಮನೆಗೆ ಕಳಿಸಿದರು. ಮಣಿ ಕಿವಿಯ ಹಿಂದೆಯೇ ಇತ್ತು. ಹುಬ್ಬಳ್ಳಿಯಲ್ಲಿ ಮಗಳ ಮನೆ. ಅಳಿಯ ಗುರುಪಾದಪ್ಪ ಬ್ಯಾಂಕಿನಲ್ಲಿದ್ದಾನೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಆಡದೆ ಉಳಿಸಿದ ಮಾತನ್ನೆಲ್ಲ ಸೇರಿಸಿ ಆಡುವವರು ಅವನ ತಾಯಿ, ನನ್ನ ಬೀಗತಿ, ಶಿವಗಂಗವ್ವ.

ನನ್ನ ನಡವಳಿಕೆ ನೋಡಿ ಆಕೆಗೆ ದಿಗಿಲು. ಯಾವ ಕೋಣೆಗೆ ಕಾಲಿಡುವಾಗಲೂ ನಾನು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಬಚ್ಚಲಿಗೆ ಹೋಗುವಾಗಲೂ. ಜನರಿಗೆ ಬೆನ್ನು ತೋರಿಸಲು ಮೈ ಒಪ್ಪುತ್ತಿರಲಿಲ್ಲ, ಚಹಾ ಕೊಟ್ಟು ಅಡ್ಡಡ್ಡ ನಡೆದು ಅಡುಗೆಮನೆ ಸೇರುತ್ತಿದ್ದೆ. ಒಂದು ಲೋಟ ನೀರು ಕೇಳಿದರೆ ಎದುರು ಮನೆಯವರು ಬಾಗಿಲು ತೆಗೆಯುತ್ತಿದ್ದರು.

“ಬೀಗರ, ನಾವು ಕಿವುಡರಲ್ಲರಿ,” ಎಂದರು ಒಂದು ದಿನ ಶಿವಗಂಗವ್ವ. “ಸತ್ತು ಬಂದವರು ಮೆತ್ತಗಾಗಿ ಬರ್ತಾರ ಅಂತ ಕೇಳಿದ್ದೆ. ನೀವು ಮೊದಲಿಗಿಂತ ಖಾರ ಆಗಿ ಬಂದೀರಿ.”

“ಮೊದಲ ಹೆಂಗಿದ್ದೆ ನಾನು?”

“ಮೊದಲೇನ್ರಿ, ಹದಿನಾಲ್ಕ ವರ್ಷದಾಗ ನಾಕ ಸಲ ಬಂದೀರಿ. ತಲಿ ಮ್ಯಾಲೆ ಸೆರಗ ಹೊದ್ದು ಮೂಲ್ಯಾಗ ಕುಂತು ಹೋದ್ರಿ. ಹೊಲಿಗಿ ಟೀಚರು ಅಂತಿದ್ಲು ನಿಮ್ಮ ಮಗಳು. ನಮ್ಮ ಮನ್ಯಾಗ ಒಂದ ಗುಂಡಿ ಹಚ್ಚಿದ್ದೂ ನಾ ಕಾಣೆ.”

ಈ ಮಾತು ನನ್ನ ತಲೆಯಲ್ಲಿ ಸಿಕ್ಕಿಕೊಂಡಿತು. ಸೂಜಿ ದಾರ ತರಿಸಿ ಕುಳಿತೆ. ಅರ್ಧ ತಾಸು ಒದ್ದಾಡಿದರೂ ದಾರ ಪೋಣಿಸಲಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನೀಲಾ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಹಿಟ್ಟು ನಾದಿ ಕೊಡುತ್ತಿದ್ದೆ. ಗೋಡೆಗೆ ಒರಗಿಸಿಟ್ಟ ಸ್ಟೀಲಿನ ಪರಾತದಲ್ಲಿ ನನ್ನ ಮುಖ ಕಂಡಿತು. ಕೈಗೆ ಒಣ ಹಿಟ್ಟು ಹತ್ತಿತ್ತು. ಆ ಕೈ ತಾನಾಗಿ ಮೇಲೆ ಹೋಯಿತು. ಹಣೆಗೆ, ಕೆನ್ನೆಗೆ, ಗದ್ದಕ್ಕೆ ತಟ್ಟಿಕೊಂಡಿತು. ತಲೆ ಹಿಂದೆ ಹಾಕಿ ಕುತ್ತಿಗೆಗೂ ಹಚ್ಚಿದೆ. ಎಷ್ಟು ಅಚ್ಚುಕಟ್ಟಾಗಿ ಹಚ್ಚಿದೆ ಎಂದರೆ ಕಿವಿಯ ಹಿಂದೆ ಕೂಡ ಬಿಡಲಿಲ್ಲ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಅವ್ವಾ! ಏನ್ ಮಾಡಾಕತ್ತಿ?”

“ನನಗೇನ್ ಗೊತ್ತು? ನೀನೇ ಹೇಳು. ಹೊಲಿಗಿ ಟೀಚರು ಮಾರಿಗೆ ಜ್ವಾಳದ ಹಿಟ್ಟ ಹಚ್ಕೋತಾರೇನು?”

ನೀಲಾ ಬಾಗಿಲ ಕಡೆ ನೋಡಿದಳು. ಶಿವಗಂಗವ್ವ ಹೊರಗೆ ಹೂ ಕಟ್ಟುತ್ತಿದ್ದರು. ನೀಲಾ ಒಲೆ ಸಣ್ಣ ಮಾಡಿ ತಗ್ಗಿದ ಧ್ವನಿಯಲ್ಲಿ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ನಾಟಕದವಳು. ತಾರಾಬಾಯಿ ಕೆರೂರ ಎಂದರೆ ನಾಲ್ಕು ಜಿಲ್ಲೆಗೆ ಗೊತ್ತು. ಸತ್ತದ್ದು ಬಚ್ಚಲಲ್ಲಿ ಅಲ್ಲ, ಸ್ಟೇಜಿನ ಮೇಲೆ, ಹಂಪವ್ವನ ಪಾರ್ಟಿನಲ್ಲಿ.

“ಸಾಲ್ಯಾಗ ಹುಡುಗ್ರು ದಿನಾ ಕೇಳ್ತಿದ್ವು, ನಿಮ್ಮವ್ವ ಇವತ್ತ ಯಾರ ಕೈಯಾಗ ಸಾಯ್ತಾಳ ಅಂತ. ಎರಡ ಸಂಬಂಧ ಮುರದ್ವು. ಮೂರನೇದಕ್ಕ ನಾನೇ ಹೇಳಿದೆ, ನಮ್ಮವ್ವ ಹೊಲಿಗಿ ಕಲಸ್ತಾಳ ಅಂತ. ನೀನೂ ಒಪ್ಪಿದ್ದೆ. ಇಲ್ಲಿ ಬಂದಾಗೆಲ್ಲ ಸೆರಗ ಹೊದ್ದು ಕುಂತಿದ್ದೆ.”

“ಹಂಗಾರ ಅದೊಂದು ಪಾರ್ಟು.”

“ಹೂಂ.”

“ಪಾರ್ಟು ಮುಗದ ಮ್ಯಾಲೆ ಬಣ್ಣಾ ಒರಸಬೇಕs ನೀಲಾ. ನೀ ನನಗ ಒರಸಾಕ ಬರದಂಥ ಬಣ್ಣಾ ಹಚ್ಚಿದ್ದಿ.”

ಸಿಟ್ಟು ಬಂತು ನನಗೆ. ಎಂಥ ಸಿಟ್ಟು ಎಂದರೆ ಪರಾತ ಎತ್ತಿ ಬಿಸಾಕುತ್ತಿದ್ದೆ. ಹೆತ್ತ ಮಗಳು ನನ್ನನ್ನು ಅಳಿಸಿ ನನ್ನ ಜಾಗದಲ್ಲಿ ಮೂಲೆಯ ಮುದುಕಿಯೊಬ್ಬಳನ್ನು ಕೂರಿಸಿದ್ದಳು. ಆದರೆ ನೀಲಾ ಮುಖ ಎತ್ತಿದಾಗ ಕಣ್ಣು ತುಂಬಿತ್ತು.

“ಮೂರ ನಿಮಿಷ ಅವ್ವಾ! ಮೂರ ನಿಮಿಷ ಅವರು ಶಿಳ್ಳಿ ಹೊಡಕೊಂತ ಕುಂತಿದ್ರು, ನೀ ಅಲ್ಲಿ ಹೆಣಾಗಿ ಬಿದ್ದಿದ್ದಿ. ಎರಡನೇ ಸಲ ಎಬ್ಬಸಾಕ ಆಗೂದಿಲ್ಲಂತ ಡಾಕ್ಟರ್ ಹೇಳ್ಯಾರ. ಮತ್ತ ನಿನ್ನ ಅಲ್ಲಿಗೇ ಕಳಸ್ಲೇನು? ಹೊಲಿಗಿ ಟೀಚರಾದ್ರ ಮನ್ಯಾಗ ಇರ್ತಿ. ನನ್ನ ಹಂತ್ಯಾಕ ಇರ್ತಿ. ಅವ್ವ ಮನ್ಯಾಗ ಇದ್ದದ್ದು ನಾ ಒಂದ ದಿನಾನೂ ನೋಡಿಲ್ಲ.”

ಸಿಟ್ಟು ಅಲ್ಲೇ ಇತ್ತು, ಅದರ ಪಕ್ಕದಲ್ಲಿ ಸಂಕಟವೂ ಬಂದು ಕೂತಿತು. ಒಂದು ಮಾತು ಮಾತ್ರ ಕೇಳಿದೆ.

“ನಿನ್ನ ಧ್ವನಿ ಕೇಳಿದ್ರ ನನ್ನ ಎಡಗಿವಿ ಯಾಕ ನೆಟ್ಟಗಾಗತೈತಿ?”

ಅವಳು ಗಡಬಡಿಸಿ ರೊಟ್ಟಿ ತಿರುವಿ ಹಾಕಿದಳು. “ಮಗಳ ಧ್ವನಿ ಗೊತ್ತಿರೂದಿಲ್ಲೇನು ತಾಯಿಗೆ,” ಎಂದಳು. ರೊಟ್ಟಿ ಕರಕಾಗಿತ್ತು.

*

ನಲವತ್ತೊಂದನೆಯ ದಿನ ಬೆಳಿಗ್ಗೆ ಪರೀಕ್ಷೆಗೆ ಒಂದು ತಾಸು ಮೊದಲು ಡಾಕ್ಟರ್ ಅನಘಾ ಅವರ ಕೋಣೆಗೆ ಹೋಗಿ, ನೀಲಾ ಹೇಳಿದ್ದನ್ನೆಲ್ಲ ತಿಳಿಸಿ, ಎಡಗಿವಿ ತೋರಿಸಿದೆ.

“ತಗೀರಿ ಇದನ್ನ.”

“ಹುಚ್ಚೇನ್ರಿ ನಿಮಗ?” ಅವರು ಬಾಗಿಲು ಹಾಕಿ ಬಂದರು. “ಸ್ಲ್ಯಾಬ್ ಹಾಕಿದ ಮ್ಯಾಲೆ ಸೆಂಟ್ರಿಂಗ್ ಹಲಗಿ ಬಿಚ್ಚಲಿಕ್ಕೆ ದಿನಾ ಎಣಿಸ್ತಾರಲ್ಲ, ಹಂಗ ಇದು. ಪರೀಕ್ಷೆ ಮುಗಿದ ಮ್ಯಾಲೆ ಮಣಿ ಒಂದು ಕೊನೀ ಒತ್ತು ಕೊಡ್ತದ. ಆವಾಗ ತುಂಬಿದ್ದೆಲ್ಲ ಗಟ್ಟಿ ಆಗ್ತದ. ಈಗ ಬಿಚ್ಚಿದ್ರ ನಲವತ್ತು ದಿನ ಮಣಿ ಹೇಳಿದ್ದೆಲ್ಲ ಕುಸೀತದ.”

“ಕೊನೀ ಒತ್ತು ಕೊಟ್ಟ ಮ್ಯಾಲೆ, ಕಡತದಾಗ ಇಲ್ಲದ್ದು ಏನಾಗತೈತಿ?”

ಡಾಕ್ಟರು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. ನಾನು ಬಿಡಲಿಲ್ಲ.

“ಆ ದಾರಿ ಮುಚ್ಚಿ ಹೋಗ್ತಾವ,” ಅಂದರು ಕೊನೆಗೆ. “ಹಂಪವ್ವ ಮತ್ತ ಬರೂದಿಲ್ಲ.”

“ತಗೀರಿ ಅಂದೆ.”

“ಮಗಳನ್ನ ಮರೀತೀರಿ ತಾರಮ್ಮಾರ! ಆಕಿ ಸಣ್ಣಾಕಿ ಇದ್ದಾಗಿಂದು ನಿಮಗ ಗೊತ್ತಿರೂದೆಲ್ಲ ಈ ಮಣ್ಯಾಗ ಅದ. ಅದು ಹೋದ ಮ್ಯಾಲೆ ನಿಮ್ಮ ಸ್ವಂತದ್ದು ಬರ್ತದ ಅಂತ ನಾ ಖಾತ್ರಿ ಕೊಡೂದಿಲ್ಲ. ಬರದs ಹೋಗಬಹುದು.”

ಅಲ್ಲಿ ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ. ಏಕೆಂದರೆ ಮಣಿಯೊಳಗೆ ನೀಲಾ ತನ್ನ ಬಾಲ್ಯವನ್ನೂ ಹೇಳಿದ್ದಳು. ಪಡಸಾಲೆಯಲ್ಲಿ ಮೊದಲ ಹೆಜ್ಜೆ ಇಟ್ಟದ್ದು, ಜ್ವರ ಬಂದಾಗ ನಾನು ಮೂರು ದಿನ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಶಾಲೆಗೆ ಕೈಹಿಡಿದು ಬಿಟ್ಟು ಬಂದದ್ದು. ಸುಳ್ಳೋ ನಿಜವೋ, ನಲವತ್ತು ದಿನ ಅದನ್ನು ಕೇಳಿ ಕೇಳಿ ನಾನು ಆ ಕೂಸಿಗೆ ತಾಯಿಯಾಗಿದ್ದೆ. ಅದನ್ನು ಕಿತ್ತೆಸೆಯುವುದೆಂದರೆ ಹೊಟ್ಟೆಯೊಳಗೆ ಕೈ ಹಾಕಿದ ಹಾಗಾಗುತ್ತಿತ್ತು. ಹಾಗಂತ ಇಟ್ಟುಕೊಳ್ಳಲೇ? ಆ ಕೂಸನ್ನು ಎತ್ತಿಕೊಂಡಿದ್ದ ತಾಯಿ ನಾನಲ್ಲ. ನನ್ನ ಮಗಳನ್ನು ಯಾವಳೋ ಹೊಲಿಗೆ ಟೀಚರಿಗೆ ಬಿಟ್ಟುಕೊಟ್ಟು ನಾನು ಸಾಯಬೇಕೇ? ಒಮ್ಮೆ ಸತ್ತದ್ದು ಸಾಕು.

“ಡಾಕ್ಟರಬಾಯಾರ, ನೀವs ಹೇಳಿದ್ರಿ, ಒಂದು ಶಬ್ದಕ್ಕ ದೀಪಾವಳಿ ಆತು ಅಂತ.”

ಅವರು ನನ್ನನ್ನೇ ನೋಡಿದರು. “ಹೌದು. ಸುಳ್ಳಿಗೆ ಪೂರ್ತಿ ವಾಕ್ಯ ಬೇಕಾಗ್ತದ, ಖರೇದಕ್ಕ ಒಂದs ಶಬ್ದ ಸಾಕು. ಇದನ್ನ ಬರದು ಮ್ಯಾಲಿನವರಿಗೆ ಕಳಿಸೇನಿ. ಯಾರೂ ಉತ್ತರ ಕೊಟ್ಟಿಲ್ಲ. ಆದ್ರ ಆ ಒಂದು ಶಬ್ದ ಯಾವುದು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

“ಗೊತ್ತಿದ್ದವರು ಯಾರರ ಇದ್ದಾರು. ತಗೀರಿ.”

ಇಕ್ಕಳದಲ್ಲಿ ಹಿಡಿದು ತೆಗೆದರು. ಜೋಳದ ಕಾಳಿನಷ್ಟು ಇತ್ತು. ಆ ಕಾಳಿನೊಳಗೆ ನಾನಿದ್ದೆನಂತೆ!

ಅರ್ಧ ತಾಸಿನೊಳಗೆ ಪಡಸಾಲೆ ಹೋಯಿತು, ಜ್ವರ ಹೋಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಪಾಟಿಯಂತೆ ತಲೆ ಖಾಲಿಯಾಯಿತು. ಬಾಗಿಲಲ್ಲಿ ನೀಲಾ ನಿಂತಾಗ ಇವಳು ನನ್ನ ಮಗಳು ಎಂಬುದು, ಅಡುಗೆಮನೆಯಲ್ಲಿ ಇವಳು ಹೇಳಿದ್ದು, ಇಷ್ಟು ಗೊತ್ತಿತ್ತು. ಅದರ ಹಿಂದೆ ಏನೂ ಇರಲಿಲ್ಲ.

*

ಪರೀಕ್ಷೆಯ ಹಾಲ್ ದೊಡ್ಡದು. ಎದುರಿಗೆ ಮೇಜು, ಮೇಜಿನ ಹಿಂದೆ ಗುರುತು ಅಧಿಕಾರಿ, ಅವರ ಪಕ್ಕ ಡಾಕ್ಟರು. ನನಗೊಂದು ಕುರ್ಚಿ. ನನ್ನ ಹಿಂದೆ ಎಡಗಡೆಗೆ ಮನೆಯವರ ಬೆಂಚು. ಅಲ್ಲಿ ನೀಲಾ, ಅಳಿಯ, ಶಿವಗಂಗವ್ವ ಕುಳಿತಿದ್ದರು. ಒಳಗೆ ಕಾಲಿಡುವಾಗ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಈ ಸಲ ಯಾಕೆ ಎಂದು ಗೊತ್ತಿತ್ತು.

“ನಿಮ್ಮ ಹೆಸರು?”

“ತಾರಾಬಾಯಿ ಕೆರೂರ.”

ಅಧಿಕಾರಿ ಕನ್ನಡಕ ಏರಿಸಿದರು. “ಕಡತದಲ್ಲಿ ತಾರಮ್ಮ ಎಂದಿದೆ. ವೃತ್ತಿ?”

“ನಾಟಕದಾಕಿ.”

ಬೆಂಚಿನಲ್ಲಿ ಶಿವಗಂಗವ್ವ “ಅಯ್ಯ ಶಿವನೇ” ಎಂದದ್ದು ಕೇಳಿಸಿತು.

“ಮಣಿ ಎಲ್ಲಿ?” ಎಂದರು ಅಧಿಕಾರಿ.

“ತಗಸೀನ್ರಿ. ಹೇಳಿಕೊಟ್ಟ ಮಾತು ಸಾಕಾತು ನನಗ.”

ಅವರು ಡಾಕ್ಟರ ಮುಖ ನೋಡಿದರು, ಡಾಕ್ಟರು ಕಾಗದ ನೋಡಿದರು. ನಿಯಮದ ಪ್ರಕಾರ ಪರೀಕ್ಷೆ ನಡೆಸಲೇಬೇಕಾಗಿತ್ತು, ನಡೆಯಿತು. ಒಂದೊಂದು ಪ್ರಶ್ನೆಗೂ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಜಗಳಕ್ಕೆ ಅಂಜಿಕೆಯೇ ಎಂದು ಕೇಳಿದರು, ಮಾಡಿ ನೋಡ್ರಿ ಎಂದೆ. ಅವರು ಪ್ರತಿಯೊಂದಕ್ಕೂ ಕೆಂಪು ಗುರುತು ಹಾಕುತ್ತ ಹೋದರು.

“ಪ್ರಶ್ನೆ ಹದಿನೇಳು. ಮಗಳು ಹುಟ್ಟಿದ್ದು ಎಲ್ಲಿ, ಹೇಗೆ?”

ಬಾಯಿ ತೆಗೆದೆ. ಏನೂ ಇರಲಿಲ್ಲ.

ನಟಿಗೆ ಸಾವು ಎಂದರೆ ಇದು, ಎದೆ ನಿಲ್ಲುವುದಲ್ಲ. ಬೆಳಕಿನಲ್ಲಿ ನಿಂತಿದ್ದೀಯ, ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ, ಮಾತು ಇಲ್ಲ. ಬೇರೆ ಯಾವ ಪ್ರಶ್ನೆಗೆ ಗೊತ್ತಿಲ್ಲ ಎಂದರೂ ನನಗೆ ನಾಚಿಕೆಯಿರಲಿಲ್ಲ. ಇದಕ್ಕೆ ಹೇಗೆ ಎನ್ನಲಿ? ಹೆತ್ತದ್ದು ಗೊತ್ತಿಲ್ಲ ಎನ್ನಲೇ, ಹೆತ್ತ ಮಗಳು ಹಿಂದೆಯೇ ಕೂತಿರುವಾಗ? ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಡಾಕ್ಟರು ಹೇಳಿದ್ದು ನಿಜವಾಯಿತು, ಮಗಳನ್ನು ಕಳೆದುಕೊಂಡೆ, ನನ್ನ ಹಟಕ್ಕೆ ನನ್ನ ಕೂಸನ್ನು ಬಲಿ ಕೊಟ್ಟೆ ಎಂದು ಎದೆ ಒಡೆಯಿತು.

“ಗೊತ್ತಿಲ್ಲ ಎಂದು ಬರೆದುಕೊಳ್ಳಲೇ?” ಎಂದರು ಅಧಿಕಾರಿ. ಪೆನ್ನು ಕಾಗದಕ್ಕೆ ತಾಗಿತು.

ಆಗ ಹಿಂದಿನಿಂದ, ಎಡಗಡೆಯಿಂದ, ನೆಲದ ಮಟ್ಟದಲ್ಲಿ ಹರಿದು ನನಗೊಬ್ಬಳಿಗೇ ತಲುಪಲೆಂದು ಬಿಟ್ಟ ಧ್ವನಿ ಬಂತು.

“ಮೂರನೇ ಅಂಕ…”

ಎಡಗಿವಿ ನೆಟ್ಟಗಾಯಿತು. ನಾನು ಎದ್ದು ನಿಂತಿದ್ದೆ.

“ಮೂರನೇ ಅಂಕದ ಪರದೆ ಏಳೂಕಿಂತ ಮೊದಲ! ಲೋಕಾಪುರ ಕ್ಯಾಂಪು! ಎರಡನೇ ಅಂಕದಾಗ ಬ್ಯಾನಿ ಶುರುವಾಗಿತ್ತು, ಹಲ್ಲ ಕಚ್ಚಿ ಮಾತು ಮುಗಿಸಿ ಒಳಗ ಬಂದು ಮೇಕಪ್ ರೂಮಿನಾಗ ಬಿದ್ದೆ. ಹಾರ್ಮೋನಿಯಂ ಮಾಸ್ತರು ಒಂದ ಪದಾ ಮುಕ್ಕಾಲ ತಾಸು ಎಳದ್ರು. ಮಾಲಕರು ಸ್ಟೇಜಿಗೆ ಹೋಗಿ, ಯಾರರ ಸೂಲಗಿತ್ತಿ ಇದ್ರ ಒಳಗ ಬರ್ರಿ ಅಂತ ಕೈಮುಗದ್ರು. ಚಾಪಿ ಮ್ಯಾಲೆ ಕುಂತಿದ್ದ ಒಬ್ಬ ಮುದುಕಿ ಎದ್ದು ಬಂದ್ಲು, ಟಿಕೀಟ್ ರೊಕ್ಕಾ ವಾಪಸ್ ಕೊಡ್ರಿ ಅಂದ್ಲು! ಕೂಸು ಬಂತು. ಸುತ್ತಾಕ ಅರಿವಿ ಇಲ್ಲ, ದೇಸಾಯಿ ತನ್ನ ಜರತಾರಿ ರುಮಾಲು ಬಿಚ್ಚಿ ಕೊಟ್ಟ. ಹೆಣ್ಣು ಹುಟ್ಟೈತಿ ಅಂತ ಮಾಲಕರು ಹೊರಗ ಹೇಳಿದ್ದೇ ತಡ, ಜನ ಎಲ್ಲಾ ಎದ್ದು ಒನ್ಸ್ ಮೋರ್ ಅಂದ್ರು! ನಾ ಒಳಗಿಂದ ಒದರಿದೆ, ಬೇಕಾದ್ರ ನೀವs ಹಡೀರಿ ಅಂತ!”

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು, ಅಳುತ್ತಲೂ ಇದ್ದರು. ನನ್ನ ಕಣ್ಣಿಂದ ಧಾರೆ ಇಳಿಯುತ್ತಿತ್ತು. ಆ ಒಂದು ಪದದ ಹಿಂದೆ ಎಲ್ಲ ನುಗ್ಗಿ ಬಂದಿತ್ತು. ರುಮಾಲಿನೊಳಗಿನ ಕೆಂಪು ಮುಖ. ಬಣ್ಣದ ಪೆಟ್ಟಿಗೆಯ ಮೇಲೆ ಮಲಗಿದ ಕೂಸು. ಆಮೇಲೆ ದೊಡ್ಡವಳಾಗಿ, ಮದುವೆಯಾಗುವ ತನಕ ಆರು ವರ್ಷ, ಎಡಗಡೆಯ ಪರದೆಯ ಮರೆಯಲ್ಲಿ ನಾಟಕದ ಪುಸ್ತಕ ಹಿಡಿದು ನಿಂತ ನನ್ನ ನೀಲಾ. ನಾನು ಎಡವಿದಾಗೆಲ್ಲ ಮೊದಲ ಪದ ಕೊಟ್ಟವಳು.

“ಯಾರದು ಹೇಳಿಕೊಟ್ಟದ್ದು?” ಅಧಿಕಾರಿ ಮೇಜು ಕುಟ್ಟಿದರು. “ಇಲ್ಲಿ ಹೇಳಿಕೊಡುವ ಹಾಗಿಲ್ಲ. ಯಾರಮ್ಮಾ ನೀವು?”

ನೀಲಾ ಎದ್ದಳು. ಪಕ್ಕದಲ್ಲಿ ಅತ್ತೆ, ಈಚೆ ಗಂಡ. ಹದಿನಾಲ್ಕು ವರ್ಷ ಅವರಿಂದ ಮುಚ್ಚಿಟ್ಟದ್ದನ್ನು ಅವರೆದುರೇ ಬಿಚ್ಚಿದಳು.

“ನಾ ಆಕಿ ಮಗಳ್ರಿ. ಆಕಿ ಪ್ರಾಂಪ್ಟರೂ ನಾನs ರಿ. ಆರ ವರ್ಷ ಕಂಪನ್ಯಾಗ ಇದ್ದೆ.”

“ನೀನೂ ನಾಟಕದಾಕೇನ?” ಶಿವಗಂಗವ್ವ ಸೆರಗು ಕೊಡವಿ ಎದ್ದರು. “ಗುರುಪಾದಾ, ನಡಿ ಮನಿಗೆ!”

ಗುರುಪಾದಪ್ಪ ಏಳಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದ. “ನೀವು ನಡೀರಿ ಅವ್ವಾ,” ಎಂದ. ಅವತ್ತಿನ ಹತ್ತು ಮಾತಿನಲ್ಲಿ ಅವು ಮೂರು.

ಅಧಿಕಾರಿ ನನ್ನ ಕಡೆ ತಿರುಗಿ ನಿಯಮ ಓದಿದರು. ಈ ಉತ್ತರ ಕಡತದಲ್ಲಿಲ್ಲ. ಕಡತದ ಪ್ರಕಾರ ಮಗು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹುಟ್ಟಿದ್ದು. ಇದೇ ಹಟ ಮುಂದುವರಿದರೆ ನಾನು ಅಪೂರ್ಣ, ಪೋಷಕರ ಸಹಿಯಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ. ಅದು ಹಾಗೆಯೇ ಆಯಿತು ಕೂಡ. ಇವತ್ತಿಗೂ ಸರಕಾರದ ಕಣ್ಣಿನಲ್ಲಿ ನಾನು ಪೂರ್ತಿ ಬದುಕಿದವಳಲ್ಲ. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ಹೋಗಲು ನೀಲಾಳ ಸಹಿ ಬೇಕು. ಅವಳು ಬೈಯುತ್ತಲೇ ಹಾಕುತ್ತಾಳೆ. ಪೋಷಕರ ವೃತ್ತಿ ಎಂಬ ಜಾಗದಲ್ಲಿ ಪ್ರತಿ ಸಲವೂ ‘ಪ್ರಾಂಪ್ಟರ್’ ಎಂದೇ ಬರೆಯುತ್ತಾಳೆ. ಶಿವಗಂಗವ್ವ ನನ್ನ ಜೊತೆ ಇನ್ನೂ ಮಾತು ಬಿಟ್ಟಿದ್ದಾರೆ.

ಆದರೆ ಆ ಹೊತ್ತಿಗೆ ಅಧಿಕಾರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಪೆನ್ನು ಕೆಳಗಿಟ್ಟರು.

“ನೋಡಿ ತಾಯಿ, ಇದು ಕೊನೆಯ ಅವಕಾಶ. ಕಡತದಂತೆ ಹೇಳಿದರೆ ಹಿಂದಿನ ಉತ್ತರಗಳನ್ನೂ ತಿದ್ದಲು ಬಿಡುತ್ತೇನೆ. ಇನ್ನೊಂದು ಸಲ ಕೇಳುತ್ತೇನೆ, ಯೋಚಿಸಿ ಹೇಳಿ. ಮಗಳು ಹುಟ್ಟಿದ್ದು ಎಲ್ಲಿ, ಹೇಗೆ?”

“ಇನ್ನೊಂದು ಸಲ ಅಂದ್ರೇನ್ರಿ?”

“ಹೌದು, ಇನ್ನೊಂದು ಸಲ.”

ಕುರ್ಚಿ ಹಿಂದೆ ಸರಿಸಿದೆ. ಸೆರಗು ಸರಿ ಮಾಡಿಕೊಂಡೆ. ಅಧಿಕಾರಿಗೆ, ಡಾಕ್ಟರಿಗೆ, ಬಾಗಿಲಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ನಿಂತಿದ್ದ ಬೀಗತಿಗೆ, ಎಲ್ಲರಿಗೂ ಕೈ ಮುಗಿದೆ. ಆಮೇಲೆ ಎಡಗಡೆಗೆ ಕಿವಿಕೊಟ್ಟು ಕಾದೆ.

“ಮೂರನೇ ಅಂಕ!” ಎಂದಳು ನೀಲಾ. ಈ ಸಲ ಎದ್ದು ನಿಂತು, ಹಾಲಿನ ಕೊನೆಯ ಗೋಡೆಗೂ ಕೇಳುವ ಹಾಗೆ.